ಹುಬ್ಬಳ್ಳಿಗೆ ಹೊತ್ತ ಕೊಬ್ಬರಿ

ದುಡ್ಡು ಖರ್ಚು ಮಾಡುವುದಕ್ಕೆ ಜೇಬೊಂದಿದ್ದರೆ ಸಾಕು. ಉಳಿಸುವುದಕ್ಕೆ ಗಟ್ಟಿ ಬೆನ್ನು, ದೊಡ್ಡ ಚೀಲ, ಹೆಂಡತಿಯ ಮಾತು ಬೀಳದ ಕಿವಿ ಎಲ್ಲವೂ ಬೇಕು. ನನಗೆ ಈ ವಿದ್ಯೆ ಕಲಿಸಿದವರು ನೆಂಟರು. ಬೇಲೂರು, ಹಳೇಬೀಡು ನೋಡಲು ಬರುವವರೆಲ್ಲ ಅರಸೀಕೆರೆಯ ನಮ್ಮ ಮನೆಯಲ್ಲೇ ಇಳಿಯುತ್ತಾರೆ. ಹೊಯ್ಸಳರು ಕೆತ್ತಿಸಿದ್ದನ್ನು ನೋಡಿ, ನನ್ನ ಹೆಂಡತಿ ಗಿರಿಜೆ ಬೇಯಿಸಿದ್ದನ್ನು ಉಂಡು, ‘ಬಹಳ ಕಡಿಮೇಲಿ ಮುಗೀತು’ ಎಂದು ಹೊರಡುತ್ತಾರೆ. ನಾನೂ ಹಾಗೆ ಒಂದು ಊರು ನೋಡಿ ಬರಬೇಕೆಂಬ ಆಸೆ ಬಹಳ ದಿನದ್ದು.

ಅವಕಾಶ ಕೊಟ್ಟವಳೂ ಗಿರಿಜೆಯೇ. ತೋಟದ ಕೊಬ್ಬರಿಯನ್ನು ಮಂಡಿಗೆ ಹಾಕಿ, ಅಲ್ಲಿಯವರು ಹೇಳಿದ ರೇಟಿಗೆ ತಲೆಯಾಡಿಸಿ ಅವಳಿಗೆ ಸಾಕಾಗಿತ್ತು. ಎಣ್ಣೆ ತೆಗೆಯುವ ಸಣ್ಣ ಮೆಷಿನ್ ಕೊಂಡು ತಾನೇ ಮಾರುತ್ತೇನೆಂದಾಗ ಹಳೇಬೀಡಿನ ಅವಳ ಅಣ್ಣ, “ನಿಂಗ್ಯಾಕಮ್ಮ ಅವೆಲ್ಲ?” ಎಂದು ನಕ್ಕಿದ್ದ. ಆ ನಗು ಅವಳಿಗೆ ನಾಟಿತ್ತು. ಮೆಷಿನ್ ಮಾಡುವವರು ಹುಬ್ಬಳ್ಳಿಯಲ್ಲಿದ್ದರು. “ಕೊಬ್ರಿ ಹಾಕಿ, ಎಣ್ಣೆ ಬೀಳೋದನ್ನ ಕಣ್ಣಾರೆ ನೋಡಿದ್ ಮೇಲೇ ಅಡ್ವಾನ್ಸು” ಎಂದು ಒಂದು ಚೀಲ ಒಳ್ಳೆಯ ಕೊಬ್ಬರಿ ಆರಿಸಿಟ್ಟಳು.

ಪ್ರಯಾಣದ ಯೋಜನೆ ನನ್ನದು. ರೈಲು ಜಂಕ್ಷನ್ ಮನೆಯ ಹತ್ತಿರವೇ ಇದ್ದರೂ ಬಿಟ್ಟೆ. ಕೆಂಪು ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲವಲ್ಲ! ಲಾಡ್ಜಿನ ಬದಲು ಮಠದ ಕೋಣೆ, ದಾಸೋಹದ ಊಟ. ಗಿರಿಜೆ ಆಧಾರ್ ತೋರಿಸಿ ಮಹಾರಾಣಿಯಂತೆ ಕುಳಿತಳು. ಕಂಡಕ್ಟರ್ ಚೀಲ ನೋಡಿ, “ಇದಕ್ಕೆ ಲಗೇಜ್ ಆಗುತ್ತೆ” ಎಂದ.

“ಅದು ಅವಳ್ದೇ ಕಣಪ್ಪಾ” ಎಂದೆ.

“ಅಮ್ಮೋರಿಗೆ ಫ್ರೀ ಸಾರ್, ಕೊಬ್ರಿಗಿಲ್ಲ.”

ಗೊಣಗುತ್ತಲೇ ದುಡ್ಡು ಎಣಿಸಿಕೊಟ್ಟೆ. ದಾವಣಗೆರೆಯಲ್ಲಿ ಬಸ್ಸು ಬದಲಿಸುವಾಗ ಮತ್ತೆ ಲಗೇಜ್ ತೆರುವುದೇ? ನಮ್ಮನ್ನು ಕಾಣಲು ನಿಲ್ದಾಣಕ್ಕೆ ಬಂದಿದ್ದ ಚಿಕ್ಕಮ್ಮನ ಮಗನಿಗೆ ಅರ್ಧ ಚೀಲ ಸುರಿದೆ. ನಮ್ಮ ತೆಂಗಿನ ಸೀಮೆಯಲ್ಲಿ ಯಾರನ್ನೂ ಬರಿಗೈಲಿ ಕಾಣುವ ಪದ್ಧತಿಯಿಲ್ಲ. ಕೈ ತಾನಾಗಿ ಚೀಲದೊಳಗೆ ಹೋಗುತ್ತದೆ. ಹುಬ್ಬಳ್ಳಿಯ ಮಠದ ಅಡುಗೆಮನೆಗೆ ದೊಡ್ಡ ಪಾಲು ಕೊಟ್ಟೆ. ದಾರಿ ತೋರಿಸಿದವರಿಗೆ, ಮೆಷಿನ್ ಕಾರ್ಖಾನೆಯ ವಾಚ್‌ಮನ್‌ಗೆ ಒಂದೊಂದು ಗಿಟುಕು ಕೊಬ್ಬರಿ ಹಂಚಿದೆ. ಗಿರಿಜೆ ದಾರಿಯುದ್ದಕ್ಕೂ ಫೋನಿನಲ್ಲಿ ಎಣ್ಣೆ ಮೆಷಿನ್ನಿನ ವೀಡಿಯೋ ನೋಡುವುದರಲ್ಲೇ ಮುಳುಗಿದ್ದಳು.

ಮಾಲೀಕರು ಮೆಷಿನ್ ಚಾಲೂ ಮಾಡಿ, “ಕೊಬ್ಬರಿ ತಂದೀರಲ್ರಿ? ಹಾಕ್ರಿ” ಎಂದರು. ಗಿರಿಜೆ ಚೀಲ ಬಿಚ್ಚಿದಳು. ತಳದಲ್ಲಿ ಎರಡು ಗಿಟುಕು! ಅವಳು ಬೈಯಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು. ಕಣ್ಣು ತುಂಬಿಕೊಂಡು, “ಹಂಗೇ ವಾಪಸ್ ಹೋದ್ರೆ ಅಣ್ಣ ಏನಂತಾನ್ರೀ?” ಎಂದಳು. ನನಗೆ ನಿಲ್ಲಲಾಗಲಿಲ್ಲ. ಮಾರ್ಕೆಟ್ಟಿಗೆ ಓಡಿದೆ.

“ಕೊಬ್ಬರಿ ಚೆನ್ನಾಗಿದೆಯೇನ್ರೀ?” ಎಂದು ಅಂಗಡಿಯವರನ್ನು ಕೇಳಿದೆ.

“ಕಣ್ಣು ಮುಚ್ಚಿ ಒಯ್ಯಿರಿ. ಅಸಲಿ ಅರಸೀಕೆರಿ ಮಾಲು!”

ಜೀವನದಲ್ಲಿ ಮೊದಲ ಸಲ ಚೌಕಾಸಿ ಮಾಡದೆ ಕೊಂಡೆ. ನನ್ನದು ಯಾವ ಊರೆಂದು ಅವರು ಕೇಳುವ ಮೊದಲೇ ಜಾಗ ಖಾಲಿ ಮಾಡಿದೆ.

ಮೆಷಿನ್ ಗುರುಗುಟ್ಟಿತು. ಎಣ್ಣೆ ಮೊದಲು ಹನಿಹನಿಯಾಗಿ, ಆಮೇಲೆ ದಾರವಾಗಿ ಇಳಿಯಿತು. ಗಿರಿಜೆ ಬೆರಳದ್ದಿ ಮೂಸಿದಳು. ಅವಳ ಮುಖ ಅಷ್ಟು ಅರಳಿದ್ದನ್ನು ಕಂಡು ನನಗೂ ಬಹಳ ಸಂತೋಷವಾಯಿತು. ಅಡ್ವಾನ್ಸ್ ಕೊಟ್ಟು, ಆ ಎಣ್ಣೆಯನ್ನು ಬಾಟಲಿಗೆ ತುಂಬಿಸಿಕೊಂಡಳು. “ಇದ್ನ ಮೊದ್ಲು ಅಣ್ಣನ ತಲೆಗೇ ಹಚ್ತೀನಿ” ಎಂದಳು.

ವಾಪಸ್ ಬರುವಾಗ ಕಂಡಕ್ಟರ್ ನನ್ನ ಕಾಲ ಬಳಿ ಮಡಚಿಟ್ಟಿದ್ದ ಚೀಲವನ್ನು ನೋಡಿ, “ಅದ್ರಲ್ಲಿ ಏನೈತೆ ಸಾರ್?” ಎಂದ.

ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡಿದ್ದ ಗಿರಿಜೆ ಕಿಟಕಿಯಿಂದ ಮುಖ ತಿರುಗಿಸದೆಯೇ ಹೇಳಿದಳು: “ನಮ್ ಯಜಮಾನ್ರ ಉಳಿತಾಯ ಕಣಪ್ಪಾ. ಲಗೇಜ್ ಆಗಲ್ಲ ಬಿಡು.”