ಹೊಂಡದ ಮೀನಿಗೆ ನಾನು ಬಡಿಸಿದ್ದು

ಮೀನು ಸಾಕುವುದು ಕಷ್ಟದ ಕೆಲಸವಲ್ಲವೆಂದು ನನಗೆ ಮೊದಲಿನಿಂದಲೂ ಗೊತ್ತಿತ್ತು. ನೀರು ದೇವರು ಕೊಟ್ಟದ್ದು, ಈಜು ಮೀನಿಗೇ ಬರುತ್ತದೆ. ನಮಗೆ ಉಳಿದದ್ದು ಊಟ ಹಾಕುವುದೊಂದೇ.

ಸಾವಿರದ ಒಂಬೈನೂರ ಅರವತ್ತರ ಆಚೀಚಿನ ಮಾತು. ನನ್ನ ಮದುವೆಯಾಗಿ ಎರಡು ವರ್ಷವಾಗಿತ್ತು. ತಿಳವಳ್ಳಿಯ ನಮ್ಮ ಮನೆಯ ಹಿತ್ತಲಿನಾಚೆ ಒಂದು ಹೊಂಡವಿತ್ತು. ಮಳೆಗಾಲದಲ್ಲಿ ಅದು ತುಂಬಿದಾಗ ಗ್ರಾಮಸೇವಕರು ಸೈಕಲ್ಲಿಗೆ ಡಬ್ಬಿ ಕಟ್ಟಿಕೊಂಡು ಬಂದು ಮೀನಿನ ಮರಿ ಬಿಟ್ಟರು.

"ಬಸಪ್ಪಾರ, ದಿನಾ ಮುಂಜಾನೆ ಒಂದ್ ಬೊಗಸಿ ಶೇಂಗಾ ಹಿಂಡಿ, ಒಂದ್ ಬೊಗಸಿ ತೌಡು ಹಾಕ್ರಿ. ಹೆಚ್ಚಿಗಿ ಮಾತ್ರ ಬ್ಯಾಡ್ರಿ," ಎಂದರು.

ಹಿಂಡಿ, ತೌಡು ನನ್ನ ತಲೆಗೆ ಹೋದವು. ಕೊನೆಯ ಮಾತು ಹೋಗಲಿಲ್ಲ.

ತೌಡೇನೋ ಮನೆಯಲ್ಲಿ ಬೇಕಾದಷ್ಟಿತ್ತು. ಹಿಂಡಿ ಮಾತ್ರ ಎಮ್ಮೆಯದು. ಎಮ್ಮೆ ನನ್ನ ಹೆಂಡತಿ ಗಂಗವ್ವನದು, ಹಿರೇಕೆರೂರಿನ ತವರಿನಿಂದ ಬಂದದ್ದು. ಅದರ ಮೇಲಿನ ಅಕ್ಕರೆಯಲ್ಲಿ ಕಾಲುಭಾಗ ನನ್ನ ಮೇಲಿದ್ದಿದ್ದರೂ ನಾನು ಮೈ ತುಂಬಿಕೊಳ್ಳುತ್ತಿದ್ದೆ.

"ಎಮ್ಮಿ ಬಾಯಾಗಿಂದು ಕಸ್ಕೊಂಡು ಮೀನಿಗಿ ಹಾಕ್ತೀರೇನ್ರಿ?" ಎಂದಳು.

"ದೀಪಾವಳಿ ಮರುದಿನ ನಿನ್ನ ತಮ್ಮ ಬರ್ತಾನಲ್ಲ, ಅವಗ ಹೊಟ್ಟಿ ತುಂಬ ಮೀನ ಉಣಸ್ತೇನಿ. ಇದು ನನ್ನ ಮಾತು."

ತಮ್ಮನ ಹೆಸರೆತ್ತಿದ್ದೇ ಅವಳು ಮೆತ್ತಗಾದಳು. "ಅವ ನಮ್ಮನಿಗಿ ಮೊದಲ್ನೇ ಸಲ ಬರಾಕತ್ತಾನ. ಮಾತು ತಪ್ಪಿದ್ರ ನಾ ತವರಾಗ ಮಾರಿ ಹ್ಯಾಂಗ ತೋರಸ್ಲಿ?" ಎನ್ನುತ್ತಲೇ ಹಿಂಡಿಯ ಚೀಲ ಬಿಚ್ಚಿದಳು.

ಆಹಾ, ಆ ಮುಂಜಾವುಗಳು! ನೆನೆಸಿದ ಹಿಂಡಿಯನ್ನು ಉಂಡೆ ಮಾಡಿ ಎಸೆದರೆ ಮೀನುಗಳು ನೀರು ಚಿಮ್ಮಿಸುತ್ತ ಮುಗಿಬೀಳುತ್ತಿದ್ದವು. ಗಂಗವ್ವ ಸಗಣಿಯ ಕೈ ತೊಳೆಯುವ ನೆಪದಲ್ಲಿ ಬಂದು ನನ್ನ ಪಕ್ಕ ನಿಲ್ಲುತ್ತಿದ್ದಳು. "ಆ ದೊಡ್ಡದು ನನ್ನ ತಮ್ಮಂದು ನೋಡ್ರಿ," ಎಂದು ಬೆರಳು ತೋರುತ್ತಿದ್ದಳು. ಆಮೇಲೆ ಹೊಲ ಬೆಳೆಯಿತು, ಸಂಸಾರ ಬೆಳೆಯಿತು. ಅಷ್ಟು ಪುರಸೊತ್ತಾಗಿ ನಾವಿಬ್ಬರೂ ಜೊತೆಗೆ ನಿಂತದ್ದು ನನಗೆ ನೆನಪಿಲ್ಲ.

ದಿನ ಕಳೆದಂತೆ ಬೊಗಸೆ ಹೋಗಿ ಬುಟ್ಟಿಯಾಯಿತು. ಎಮ್ಮೆಯ ಹಾಲು ಇಳಿಯಿತು. ಗಂಗವ್ವ ಹಿಂಡಿಯ ಕೋಣೆಗೆ ಕೀಲಿ ಹಾಕಿದಳು. ನಾನು ಸೋಲುವ ಗಂಡಸೇ? ಹಿಂಡಿಗೆ ಬದಲು ಹುರಳಿ ಬೇಯಿಸಿ ಸುರಿದೆ. ಗಡಿಗೆಯಲ್ಲಿ ಸಗಣಿ, ಹುಲ್ಲು ತುಂಬಿ ನೆಲದ ಮೇಲೆ ಬೋರಲು ಹಾಕಿ, ಅದಕ್ಕೆ ಹತ್ತಿದ ಗೆದ್ದಲನ್ನು ತಂದು ನೀರಿಗೆ ಕೊಡವಿದೆ. ಶಕ್ತಿ ಬರಲೆಂದು ಬೆಲ್ಲ ಬೆರೆಸಿದೆ. ಇಷ್ಟೆಲ್ಲ ತಿಂದು ಅಜೀರ್ಣವಾದೀತೆಂದು ಅಜವಾನವನ್ನೂ ಹಾಕಿದೆ!

ದೀಪಾವಳಿಗೆ ಎರಡು ದಿನವಿರುವಾಗ ಮೋಡ ಕವಿಯಿತು. ಮುಂಜಾನೆ ಹೋಗಿ ನೋಡಿದರೆ ಮೀನುಗಳೆಲ್ಲ ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದವು.

"ಗಂಗಾ, ಪಾಪ ಹಸದಾವ ನೋಡ," ಎಂದು ಎರಡು ಬುಟ್ಟಿ ಸುರಿದೆ. ಸಂಜೆಗೆ ಇನ್ನೊಂದು.

ಮರುದಿನ ಹೊಂಡದ ತುಂಬ ಬಿಳಿ ಹೊಟ್ಟೆಗಳು ತೇಲುತ್ತಿದ್ದವು. ಸುದ್ದಿ ಕೇಳಿ ಬಂದ ಗ್ರಾಮಸೇವಕರು ಮೂಗು ಮುಚ್ಚಿಕೊಂಡೇ ಮಾತಾಡಿದರು. "ಅವು ಹಸದಿದ್ದಿಲ್ರಿ ಬಸಪ್ಪಾರ. ನೀವು ಹಾಕಿದ್ದು ತಳದಾಗ ಕೊಳತು ನೀರು ಕೆಟ್ಟಿತ್ತು. ಉಸರ ಸಿಗದ ಬಾಯಿ ಬಿಡಾಕತ್ತಿದ್ವು."

ಗಂಗವ್ವ ತಮ್ಮನಿಗೆಂದು ಗುರುತಿಟ್ಟ ದೊಡ್ಡ ಮೀನನ್ನೇ ನೋಡುತ್ತ ನಿಂತಳು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅವಳು ಮಾತೇ ಬಿಟ್ಟಳು. ಹಬ್ಬದಲ್ಲೂ ಆಡಲಿಲ್ಲ.

ಹೇಳಿದ ದಿನಕ್ಕೆ ತಮ್ಮ ಬಂದ. ರೊಟ್ಟಿ, ಝುಣಕ ಮಾಡಿ ತಾಟು ಇಟ್ಟಳು. ಮೀನಿನ ಸುದ್ದಿ ಅವನಿಗೆ ಊರ ಬಾಗಿಲಲ್ಲೇ ಮುಟ್ಟಿತ್ತು. ಕೊಟ್ಟ ಮಾತು ತಪ್ಪಿದ ನಾಚಿಕೆಯಿಂದ ಬಡಿಸುವ ಕೆಲಸ ನಾನೇ ಹಿಡಿದೆ. ಒಂದಾಯಿತು, ಎರಡಾಯಿತು, ಐದಾಯಿತು. ಅವನು ಎರಡೂ ಕೈ ತಾಟಿಗೆ ಅಡ್ಡ ಹಿಡಿದು, "ಮಾವಾರ, ಸಾಕ್ರಿ," ಎಂದು ಬಾಯಿ ತೆರೆದು ಏದುಸಿರು ಬಿಟ್ಟ.

ಸಂಕೋಚ ಮಾಡುತ್ತಿದ್ದಾನೆಂದು ತಿಳಿದು ನಾನು ಆರನೆಯ ರೊಟ್ಟಿ ಎತ್ತಿದೆ.

ಮೂರು ದಿನದಿಂದ ಮಾತು ಬಿಟ್ಟಿದ್ದ ಗಂಗವ್ವ ಆಗ ಬಾಯಿ ಬಿಟ್ಟಳು. "ಬಿಡ್ರಿ. ಅವನಾದ್ರೂ ಜೀವಂತ ಊರಿಗಿ ಹೋಗ್ಲಿ."

ಅಕ್ಕ ತಮ್ಮ ಇಬ್ಬರೂ ನಕ್ಕರು. ನಾನು ಆ ರೊಟ್ಟಿಯನ್ನು ನನ್ನ ತಾಟಿಗೇ ಹಾಕಿಕೊಂಡು, ತಲೆ ಎತ್ತದೆ ಉಂಡೆ.