ಕಾಕಾ ಕುಂತ್ರ ವಜೀರ ಹೋಗತಾನ

ನಮ್ಮ ಕಾಕಾಗ ಚೆಸ್ ಬರಂಗಿಲ್ಲ. ಕುದುರಿ ಹೆಂಗ ನಡೀತೈತಿ ಅಂತ ಕೇಳಿದ್ರ "ಮೇವು ಹಾಕಿದ್ರ ನಡೀತೈತಿ" ಅಂತಾನ. ಆದ್ರೂ ಎಂಟನೇತ್ತ ಓದೋ ಮಗಳ ಆಟ ಗೆಲ್ಲಿಸೋದು ತಾನೇ ಅಂತಾನ, ಅದೂ ಕಾಲಿಲೆ!

ಸಿಂಧನೂರಾಗ ಮೊದಲ ಟೂರ್ನಮೆಂಟಿಗೆ ಕುರ್ಚಿ ಸಿಗಲಾರದ ನಿಂತಿದ್ದ, ಹುಡುಗಿ ಗೆದ್ದಳು. ಮುಂದ ಮಸ್ಕಿಯೊಳಗ ಚಾ ಕುಡಿಯಾಕ ಒಂದು ಘಳಿಗಿ ಕುಂತ, ಹುಡುಗಿ ಕ್ವೀನ್ ಅಂತಾರಲ್ಲ ಆ ವಜೀರನ್ನ ಕಳಕೊಂಡು ಸೋತಳು. ಮುಗೀತು! ಅವತ್ತಿಂದ ಆಟದ ದಿನ ಕಾಕಾ ಕುಂದ್ರಂಗಿಲ್ಲ, ನನ್ನೂ ಕುಂದ್ರಗೊಡಂಗಿಲ್ಲ. ನನ್ನ ತಪ್ಪೇನು ಹೇಳ್ರಿ? ಕೇಳಿದ್ರ, "ನೀ ಆಕಿ ಅಣ್ಣ ಹೌದಲ್ಲಲೇ?" ಅಂತಾನ.

ಹೋದ ತಿಂಗಳು ಲಿಂಗಸುಗೂರಿಗೆ ಹೊಂಟ್ವಿ. ಬಸ್ಸು ಅರ್ಧ ಖಾಲಿ. ನೆಲ್ಲಿನ ಗದ್ಯಾಗ ದುಡದು ದುಡದು ಕಾಕಾನ ಮೊಣಕಾಲು ಮೊದಲೇ ಹೋಗ್ಯಾವ, ಆದ್ರೂ ರಾಡ್ ಹಿಡಕೊಂಡು ನಿಂತ.

"ಸೀಟು ಅದಾವ, ಕುಂದ್ರಿ ಯಜಮಾನ್ರ," ಅಂದ ಕಂಡಕ್ಟರ್.

"ಮಗಳದು ಆಟ ಐತ್ರೀ."

ಕಂಡಕ್ಟರ್ ಬಾಜು ನಿಂತಿದ್ದ ನನ್ನ ಮಾರಿ ನೋಡಿದ. "ಈತ ಆಕಿ ಅಣ್ಣ," ಅಂದ ಕಾಕಾ. ಆಡೋ ಹುಡುಗಿ ಕಿಟಕಿ ಬಾಜು ಕುಂತು ಆರಾಮ ನಿದ್ದಿ ಹೊಡೀತಿದ್ದಳು!

ಕೊನೇ ಆಟ ಮಸ್ಕಿ ಹುಡುಗಿ ಜೋಡಿ. ಗೆದ್ದಾಕಿಗೆ ಜಿಲ್ಲಾ ತಂಡದಾಗ ಜಾಗ. ಡ್ರಾ ಆದ್ರ ಇಬ್ಬರಿಗೂ ಇಲ್ಲ, ಬ್ಯಾರೆ ಟೇಬಲ್ಲಿನಾಕಿ ಹೋಗತಾಳ. ಕಾಕಾ ಬಾಗಲದಾಗ ನಿಂತ. ನೋಡ್ತೀನಿ, ಆ ಹುಡುಗಿ ಅಪ್ಪನೂ ನಿಂತಾನ! ನಡುವ ಬೆಂಚು ಖಾಲಿ.

"ದಣದೀರಿ, ಕುಂದ್ರಿ," ಅಂದ ಕಾಕಾ.

"ಹಿರೇರು ನೀವು, ನೀವು ಕುಂದ್ರಿ," ಅಂದ ಆತ.

ಎರಡು ತಾಸು ಇದೇ ಮರ್ಯಾದಿ! ನನಗಂತೂ ಸಾಕುಸಾಕಾಗಿತ್ತು. ಕಾಕಾನ ಕಣ್ಣು ತಪ್ಪಿಸಿ ಬೆಂಚಿನ ತುದಿಗೆ ಕುಂತೆ. ಅಷ್ಟರಾಗ ಒಳಗ ಹುಡುಗ್ಯಾರು ಕೈ ಕುಲುಕಿದ್ರು. ಡ್ರಾ!

"ಕುಂತಿದ್ದಿ ಹೌದಲ್ಲಲೇ?" ಕಾಕಾ ಮೈಮ್ಯಾಲೆ ಬಂದ.

"ಅರ್ಧ ಕುಂತಿದ್ದೆ ಕಾಕಾ."

"ಅದಕ್ಕ ಬಂದೈತಿ ಅರ್ಧ ಪಾಯಿಂಟು!"

ಹುಡುಗಿ ಹೊರಗ ಬಂದಳು. "ಅಣ್ಣಾಗ ಬೈಬ್ಯಾಡಪ್ಪಾ. ಡ್ರಾ ನಾನೇ ಕೇಳಿದೆ."

"ಯಾಕವ್ವಾ, ಸೋಲೂದಿತ್ತೇನು?"

"ಇಲ್ಲ. ಗೆಲ್ಲಾಕ ಇನ್ನೂ ಭಾಳ ಹೊತ್ತು ಬೇಕಿತ್ತು. ನಿನ್ನ ಮೊಣಕಾಲು ನಡಗಾಕತ್ತಿದ್ವು. ಆಕಿನೂ ಅವರಪ್ಪನ್ನ ನೋಡಿ ಹೂಂ ಅಂದಳು."

ಕಾಕಾ ಬಗ್ಗಿ ತನ್ನ ಮೊಣಕಾಲು ನೋಡಿಕೊಂಡ.

ವಾಪಸ್ ಬರಾಗ ಬಸ್ಸಿನಾಗ ಒಂದೇ ಸೀಟು ಸಿಕ್ತು. ಆಕಿ ಅಪ್ಪನ್ನ ಕುಂದ್ರಿಸಿದಳು. ಕಾಕಾ ಸರದು ಜಾಗ ಮಾಡಿ ಕರದ್ರೂ ಕುಂದ್ರಲಿಲ್ಲ, ತೂಕಡಿಸಿಕೋತ ಸಿಂಧನೂರು ತನಕ ಅಪ್ಪನ ಬಾಜು ನಿಂತಳು. ಕಾಕಾ ಮಾಡಿದ ಜಾಗ ಖಾಲಿ ಇದ್ರೂ ನಾನೂ ನಿಂತೆ. ಈ ಸಲ ನಿಂದ್ರು ಅಂತ ಯಾರೂ ಹೇಳಲಿಲ್ಲ.