ಗಿರಣಿ ಮಾಲೀಕನನ್ನು ಕೊಂದವರು ಯಾರು?

ಹಲಸೂರಿನ ವಿಮಾ ನೌಕರರ ಕಾಲೋನಿಯ ಓದುಗರ ಬಳಗದಲ್ಲಿ ಪುಸ್ತಕ ಒಂದು, ಓದುವ ಮನೆ ಐದು. ಒಂದು ಮನೆಗೆ ಒಂದು ದಿನ. ಈ ಸಲ ಬಂದದ್ದು ಹೊಸ ಪತ್ತೇದಾರಿ ಕಾದಂಬರಿ. ಹಳ್ಳಿಯ ಅಕ್ಕಿ ಗಿರಣಿಯ ಮಾಲೀಕ ಹೊಟ್ಟಿನ ರಾಶಿಯಲ್ಲಿ ಹೆಣವಾಗಿ ಸಿಗುತ್ತಾನೆ. ಕೊಂದವನು ದರ್ಜಿಯೋ, ಕಾಂಪೌಂಡರೋ, ಸ್ವಂತ ಭಾಮೈದನೋ ಎಂಬುದೇ ಗುಟ್ಟು.

ಸಿದ್ಧಲಿಂಗೇಶನ ಸರದಿ ನಾಲ್ಕನೆಯದು. ಬರೀ ಓದುವುದಾಗಿದ್ದರೆ ಹೇಗೋ ಆಗುತ್ತಿತ್ತು. ಅಂದು ಸಂಜೆ ಆರಕ್ಕೆ ಕಾಲೋನಿಯ ಸಭಾಂಗಣದಲ್ಲಿ ‘ಈಚೆಗೆ ಬಂದ, ಓದಲೇಬೇಕಾದ ಪತ್ತೇದಾರಿ ಕಾದಂಬರಿಗಳು’ ಎಂದು ಅವನದೇ ಭಾಷಣ. ಹಿಂದಿನ ಎರಡು ಪುಸ್ತಕಗಳನ್ನು ಅವನು ಅರ್ಧಕ್ಕೇ ಹಿಂತಿರುಗಿಸಿದ್ದ. ಒಮ್ಮೆ ಕನ್ನಡಕ ಒಡೆಯಿತೆಂದ, ಇನ್ನೊಮ್ಮೆ ಕರೆಂಟು ಹೋಯಿತೆಂದ.

ಬೆಳಿಗ್ಗೆ ಪುಸ್ತಕ ಕೊಡಲು ಬಂದ ಬಳಗದ ಕಾರ್ಯದರ್ಶಿ, ಮೊದಲ ಸರದಿಯ ಅನಂತರಾಮು, ಬಾಗಿಲಲ್ಲೇ ಎಚ್ಚರಿಸಿದರು. “ನೋಡ್ರೀ, ಈ ಸಲಾನೂ ನೆಪ ಹೇಳಿದ್ರೆ ನಿಮ್ಮ ಹೆಸರು ಸರದಿಯ ಕೊನೆಗೆ. ಆರು ತಿಂಗಳು ಮೇಲಕ್ಕೇರಿಸಲ್ಲ.”

“ಇಲ್ಲ ಸಾರ್, ರಜಾ ಹಾಕಿದೀನಿ. ಕೊನೆ ಹೆಂಗಿದೆ?”

“ಕೊನೆನಾ!” ಅನಂತರಾಮು ಕಣ್ಣು ಮುಚ್ಚಿ ತೆರೆದರು. “ನಾನಂತೂ ಬಾಯಿ ಬಿಡಲ್ಲಪ್ಪ.”

ನಲವತ್ತನೆಯ ಪುಟಕ್ಕೆ ಬರುವಷ್ಟರಲ್ಲಿ ಮೇಲಿನ ಮನೆಯ ಜಟ್ಟೆಮ್ಮ ಚಟ್ನಿಪುಡಿಯ ಬಟ್ಟಲು ಹಿಡಿದು ಬಂದು ಕೂತರು. ಅವರದು ಎರಡನೆಯ ಸರದಿ, ಓದಿ ಮುಗಿದಿತ್ತು.

“ಯಾರ ಮೇಲಪ್ಪ ಅನುಮಾನ?”

“ದರ್ಜಿ ಇರ್ಬೋದು.”

“ಹೌದಾ? ಎಲ್ಲಿದೆ ಹಂಗಂತ?” ಎಂದು ಪುಸ್ತಕಕ್ಕೇ ಬಗ್ಗಿದರು. “ಮುಗಿದ ತಕ್ಷಣ ಮೊದ್ಲು ನನಗೇ ಹೇಳ್ಬೇಕು. ಸರಿಯಾಗಿ ಅರ್ಥ ಆಗಿದ್ಯಾ ಅಂತ ನೋಡ್ತೀನಿ.”

ಹಾಲು ಕರೆಯುವಾಗ ಚೊಂಬಿನ ಪಕ್ಕ ಕೂತ ಬೆಕ್ಕಿನಂತೆ ಅವರು ಅಲ್ಲಾಡಲೇ ಇಲ್ಲ. ಸಿದ್ಧಲಿಂಗೇಶ ಹಾಲು ತರುವ ನೆಪ ಹೇಳಿ, ಪುಸ್ತಕವನ್ನು ಕಂಕುಳಲ್ಲಿ ಅವುಚಿಕೊಂಡು, ಹಗ್ಗ ಬಿಚ್ಚಿದ ಕರುವಿನಂತೆ ಮೆಟ್ರೋ ಸ್ಟೇಷನ್ನಿಗೆ ಓಡಿದ. ರೈಲಿನಲ್ಲಿ ಕೂತರೆ ಯಾರ ಕಾಟವೂ ಇಲ್ಲ ಎಂಬುದು ಅವನ ಲೆಕ್ಕ. ಇಂದಿರಾನಗರ ದಾಟುವಷ್ಟರಲ್ಲಿ ಭುಜದ ಮೇಲೆ ಗಲ್ಲ ಊರಿದಂತಾಯಿತು. ಎದುರು ಮನೆಯ ಚಂದ್ರಶೇಖರಯ್ಯ! ಮೂರನೆಯ ಸರದಿಯವರು.

“ಕೊನೇ ಅಧ್ಯಾಯಕ್ಕೆ ಬಂದ್ರಾ?”

“ಇನ್ನೂ ಇಲ್ಲ ಸಾರ್.”

“ಬನ್ನಿ ಬನ್ನಿ. ಬಂದ್ಮೇಲೆ ಸ್ವಲ್ಪ ಗಟ್ಟಿಯಾಗಿ ಓದ್ರಿ, ನಾನೂ ಕೇಳ್ತೀನಿ.”

“ನಿಮ್ದು ಓದಾಗಿದ್ಯಲ್ಲ?”

“ಆಗಿದೆ ಕಣ್ರೀ! ಇನ್ನೊಬ್ಬರ ಬಾಯಲ್ಲಿ ಕೇಳೋ ರುಚಿನೇ ಬೇರೆ.”

ಕೆ.ಆರ್. ಪುರದಲ್ಲಿ ಬಾಗಿಲು ಮುಚ್ಚುವ ಕ್ಷಣಕ್ಕೆ ಸಿದ್ಧಲಿಂಗೇಶ ಹೊರಕ್ಕೆ ನೆಗೆದ. ಅವನು ಬಂದ, ಎಡಗಾಲಿನ ಚಪ್ಪಲಿ ಬರಲಿಲ್ಲ. ಗಾಜಿನಾಚೆ ಚಂದ್ರಶೇಖರಯ್ಯ ಆ ಚಪ್ಪಲಿಯನ್ನು ಎತ್ತಿ ಹಿಡಿದು ಏನೋ ಕೂಗುತ್ತಾ ವೈಟ್‌ಫೀಲ್ಡಿನತ್ತ ಹೊರಟುಹೋದರು.

ಒಂದೇ ಚಪ್ಪಲಿಯಲ್ಲಿ ಹಲಸೂರಿಗೆ ಮರಳಿ, ಕೆರೆಯ ಪಕ್ಕದ ಕಲ್ಲುಬೆಂಚಿನ ಮೇಲೆ ಅವನು ಊಟ ಬಿಟ್ಟು ಓದಿದ. ಐದೂವರೆಗೆ ನೂರ ತೊಂಬತ್ತೆರಡನೆಯ ಪುಟ. ಇನ್‌ಸ್ಪೆಕ್ಟರ್ ಎದ್ದು ನಿಂತು, “ಕೊಲೆಗಾರ ಈ ಕೋಣೆಯಲ್ಲೇ ಇದ್ದಾನೆ” ಎನ್ನುತ್ತಾನೆ. ಸಿದ್ಧಲಿಂಗೇಶ ಎದುರು ಪುಟಕ್ಕೆ ಕಣ್ಣು ಹೊರಳಿಸಿದ.

ನೂರ ಎಪ್ಪತ್ತೇಳು.

ಗಾಣದೆತ್ತಿನಂತೆ ಕತೆ ಮತ್ತೆ ಹಿಂದಕ್ಕೇ ಬಂದು ನಿಂತಿತ್ತು. ಓದಿದ ಹದಿನಾರು ಪುಟಗಳೇ ಇನ್ನೊಮ್ಮೆ, ಆಮೇಲೆ ರಟ್ಟು. ಈಗಿನ ಕಾದಂಬರಿಗಳಲ್ಲಿ ಇದೂ ಒಂದು ತಂತ್ರವಿರಬಹುದೆಂದು ಅವನು ಎರಡು ನಿಮಿಷ ನಂಬಿಯೂ ನೋಡಿದ. ಇಲ್ಲ, ಪುಸ್ತಕ ಹೊಲಿಯುವವರು ಕೊನೆಯ ಹಾಳೆಗಳ ಬದಲು ಹಿಂದಿನವನ್ನೇ ಎರಡು ಸಲ ಸೇರಿಸಿದ್ದರು. ಆದರೆ ಇದೇ ಪ್ರತಿಯನ್ನು ಕೊನೆಯವರೆಗೂ ಓದಿದ್ದೇವೆ ಎಂದು ಮೂವರು ಹೇಳಿಕೊಂಡಿದ್ದಾರೆ. ಈಗ ಪುಟವಿಲ್ಲ ಎಂದರೆ ಯಾರು ನಂಬುತ್ತಾರೆ?

ಆರಕ್ಕೆ ಸಭಾಂಗಣದಲ್ಲಿ ಎದ್ದು ನಿಂತು, ಬರಿಗಾಲನ್ನು ಇನ್ನೊಂದು ಕಾಲಿನ ಹಿಂದೆ ಅಡಗಿಸಿಕೊಂಡು, ಅವನು ಧೈರ್ಯ ಮಾಡಿ ಹೇಳಿಯೇಬಿಟ್ಟ. “ಕೊಂದವನು ದರ್ಜಿ! ಹೊಟ್ಟಿನ ರಾಶಿಯಲ್ಲಿ ಸಿಕ್ಕ ಅಂಗಿ ಗುಂಡಿಯೇ ಸಾಕ್ಷಿ.”

ಕಾದಂಬರಿಯಲ್ಲಿ ಗುಂಡಿಯೇ ಇರಲಿಲ್ಲ. ಮೊದಲು ಉಸಿರು ಬಿಟ್ಟವರು ಜಟ್ಟೆಮ್ಮ. “ಅಬ್ಬಾ, ಸರಿಯಾಗಿ ಓದಿದಾನೆ!”

“ಆ ಗುಂಡಿ ವಿಚಾರ ನನಗೂ ಬಹಳ ಹಿಡಿಸ್ತು” ಎಂದರು ಚಂದ್ರಶೇಖರಯ್ಯ, ಚಪ್ಪಲಿಯನ್ನು ಮಡಿಲಲ್ಲಿಟ್ಟುಕೊಂಡು.

“ಕೊನೇ ಪುಟದಲ್ಲಿ ದರ್ಜಿ ಅಳ್ತಾನಲ್ಲ,” ಅನಂತರಾಮು ಕನ್ನಡಕ ತೆಗೆದು ಒರೆಸಿದರು, “ನನ್ನ ಕಣ್ಣಲ್ಲೂ ನೀರು ಬಂತು.”

ದರ್ಜಿ ಅಳುತ್ತಾನೆಂದು ಸಿದ್ಧಲಿಂಗೇಶ ಹೇಳಿರಲೇ ಇಲ್ಲ. ಮೂವರ ಮುಖವನ್ನೂ ಒಮ್ಮೆ ನೋಡಿದ. ಬೆಳಗಿನಿಂದ ಇವರೆಲ್ಲ ಬೆನ್ನು ಹತ್ತಿದ್ದು ಯಾಕೆಂದು ಈಗ ಹೊಳೆಯಿತು. ಎದೆಯ ಮೇಲಿನ ಮೂಟೆ ಇಳಿದಂತಾಗಿ ಕೂರಲು ಬಗ್ಗಿದ.

ಅಷ್ಟರಲ್ಲಿ ಮಾರತ್ತಹಳ್ಳಿಯ ಆಫೀಸಿನಿಂದ ನೇರ ಬಂದ ಪ್ರಿಯಂವದಾ ಬಾಗಿಲಲ್ಲಿ ನಿಂತಳು. ಐದನೆಯ ಸರದಿ ಅವಳದು.

“ದರ್ಜಿನಾ? ಅಂಕಲ್, ದರ್ಜಿ ಅಲ್ವೇ ಅಲ್ಲ! ನಾಳೆವರೆಗೂ ತಡ್ಕೊಳ್ಳೋಕಾಗ್ದೆ ನಾನೇ ಒಂದು ಕಾಪಿ ತರಿಸಿ ಓದ್ಬಿಟ್ಟೆ” ಎಂದು ಚೀಲದಿಂದ ಹೊಸ ಪ್ರತಿ ತೆಗೆದಳು.

ಸಭೆ ಒಂದು ಗಳಿಗೆ ಅವಳನ್ನು ನೋಡಿತು. ಮರುಗಳಿಗೆ ಸಿದ್ಧಲಿಂಗೇಶನನ್ನು ನೋಡಿತು.

“ಎಲ್ಲಿವರೆಗೂ ಹೋಗ್ತಾರೆ ನೋಡೋಣ ಅಂತಾನೇ ಸುಮ್ನಿದ್ದೆ” ಎಂದರು ಅನಂತರಾಮು.

“ಪಾಪದ ದರ್ಜಿ ಮೇಲೆ ಕೊಲೆ ಹೊರಿಸ್ತೀಯಲ್ಲೋ!” ಎಂದರು ಜಟ್ಟೆಮ್ಮ.

“ಅಯ್ಯೋ, ಈ ಪುಸ್ತಕದಲ್ಲಿ ಕೊನೆನೇ ಇಲ್ಲ! ನೀವೇ ನೋಡಿ!” ಸಿದ್ಧಲಿಂಗೇಶ ಹಾಳೆ ಬಿಡಿಸಿ ಹಿಡಿದ. ಯಾರೂ ಅತ್ತ ಕಣ್ಣು ಹಾಯಿಸಲಿಲ್ಲ.

“ಹಂಗಾದ್ರೆ ನಾವು ಮೂರು ಜನ ಓದಿದ್ದೇನು?” ಎಂದರು ಚಂದ್ರಶೇಖರಯ್ಯ.

“ನೀನೇ ಹೇಳಮ್ಮ, ಕೊಂದವರು ಯಾರು?” ಅವನು ಪ್ರಿಯಂವದಾಳಿಗೆ ಕೈ ಮುಗಿದ. ಮೂರು ಕುರ್ಚಿಗಳು ಒಟ್ಟಿಗೆ ಮುಂದಕ್ಕೆ ಜರುಗಿದವು.

“ಇವರಿಗೆಲ್ಲ ಗೊತ್ತಿರೋದನ್ನ ಮತ್ತೆ ಯಾಕೆ ಹೇಳ್ಲಿ? ನೀವೇ ಓದ್ಕೊಳ್ಳಿ ಅಂಕಲ್” ಎಂದು ಅವಳು ಹೊಸ ಪ್ರತಿಯನ್ನು ಚಾಚಿದಳು.

ನಡುವೆಯೇ ಅನಂತರಾಮು ಅದನ್ನು ಹಿಡಿದುಕೊಂಡರು. “ನಿಯಮ ಅಂದ್ರೆ ನಿಯಮ. ಇವರ ಹೆಸರು ಕೊನೆಗೆ. ಒಳ್ಳೇ ಪುಸ್ತಕಾನ ಎರಡು ಸಲ ಓದ್ಬೇಕು, ಮೊದ್ಲು ನಾನು ಶುರು ಮಾಡ್ತೀನಿ.”

“ನಾಳೆ ನಂದು” ಎಂದರು ಜಟ್ಟೆಮ್ಮ.

“ನಾಡಿದ್ದು ನಂದು” ಎಂದರು ಚಂದ್ರಶೇಖರಯ್ಯ. “ಈ ಸಲ ಸ್ವಲ್ಪ ನಿಧಾನವಾಗಿ ಓದ್ಬೇಕು, ಎರಡು ದಿನ ಕೊಡಿ.”

“ಅಲ್ಲಿವರೆಗೂ ನಾನೇನು ಓದ್ಲಿ ಸಾರ್?” ಎಂದ ಸಿದ್ಧಲಿಂಗೇಶ.

ಅನಂತರಾಮು ಆಗಲೇ ಹೊಸ ಪ್ರತಿಯ ಕೊನೆಯ ಪುಟ ತೆರೆದಿದ್ದರು. ತಲೆ ಎತ್ತದೆಯೇ ಹೇಳಿದರು. “ಆ ಹಳೇದು ನಿಮ್ಹತ್ರಾನೇ ಇರ್ಲಿ. ಇನ್ನೊಂದ್ಸಲ ಗಮನವಿಟ್ಟು ಓದಿ, ಎಲ್ಲಾ ಅದರಲ್ಲೇ ಇದೆ.”